ಮುಡಿಪಿನ ಗಂಟು ಮತ್ತು ಮಗನ ಫೋನು

ಶಿರಸಿ–ಕುಮಟಾ ರಸ್ತೆಯ ಒಂದು ಹಳ್ಳಿಯಿಂದ ತಾಯಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು.

ಅವರ ಮಗನಿಗೆ 19 ವರ್ಷ. ಡಿಗ್ರಿ ಓದುತ್ತಿದ್ದಾನೆ. ಶನಿವಾರದ ಭಜನೆ ತಪ್ಪಿಸುವುದಿಲ್ಲ. ಏಕಾದಶಿಗೆ ಉಪವಾಸ. ದೇವಸ್ಥಾನದ ಅಂಗಳ ಗುಡಿಸುವುದಕ್ಕೂ ಅವನೇ ಮುಂದೆ. ಹಾಗಾಗಿ ಊರಿನ ಯುವಕ ಮಂಡಳಿಯವರು ಗಣೇಶ ಹಬ್ಬದ ವಂತಿಗೆ ಎತ್ತುವ ಕೆಲಸ ಅವನಿಗೇ ಕೊಟ್ಟರು. ಹಬ್ಬ ಮುಗಿದು ಲೆಕ್ಕ ನೋಡಿದರೆ 4,600 ರೂಪಾಯಿ ಕಡಿಮೆ. ಬೈಕಿಗೆ ಪೆಟ್ರೋಲು 1,800, ಗೆಳೆಯನ ಪರೀಕ್ಷೆ ಫೀಗೆ ಕೈಗಡ 2,000, ಹೋಟೆಲು, ರೀಚಾರ್ಜು ಅಂತ 800. "ಆಯಿ, ನಾನೇನು ಕದ್ದಿದ್ದಲ್ಲ. ದೇವರ ಕೆಲಸಕ್ಕೇ ತಿರುಗಿದ್ದು" ಎಂದನಂತೆ. ಹುಡುಗನ ಅಪ್ಪ "ನಾನೇ ತುಂಬಿಕೊಡ್ತೇನೆ, ಸುಮ್ನಿರು, ಮರ್ಯಾದೆ ಹೋಗ್ತದೆ" ಎಂದಿದ್ದಾರೆ. ಊರಿನ ಹಿರಿಯರೊಬ್ಬರು ತಪ್ಪುಕಾಣಿಕೆ ಹಾಕಿಸಿದರೆ ಮುಗಿಯಿತು ಎಂದಿದ್ದಾರೆ. ತಾಯಿಗೆ ನಿದ್ದೆ ಇಲ್ಲ. "ಇಷ್ಟು ಭಕ್ತಿ ಇರುವ ಮಾಣಿಗೆ ಇದು ಯಾಕೆ ತಿಳಿಯಲಿಲ್ಲ ಅಣ್ಣಾ? ಇನ್ನು ಹೇಗೆ ಕಲಿಸಲಿ?" ಎಂದು ಕೇಳಿದ್ದಾರೆ.

ತಂಗೀ,

ಅಣ್ಣಾ ಎಂದು ಕರೆದು ಬರೆದಿದ್ದೀರಿ, ಅದಕ್ಕೆ ನಾನೂ ಹೀಗೇ ಕರೆಯುತ್ತೇನೆ. ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ ಎಂದೇ ನನಗೆ ಅನಿಸುತ್ತದೆ. ಕದ್ದಿಲ್ಲ ಎಂದು ಅವನು ನಿಜವಾಗಿ ನಂಬಿದ್ದಾನೆ. ನನಗೆ ಚಿಂತೆ ಹತ್ತಿದ್ದೇ ಇದರಿಂದ. ದೇವರ ಗೊಡವೆಯೇ ಇಲ್ಲದ ಹುಡುಗ ಹಣ ತೆಗೆದರೆ, ತೆಗೆದೆ ಎಂಬುದು ಅವನಿಗೆ ಗೊತ್ತಿರುತ್ತದೆ. ಹಗಲೂ ರಾತ್ರಿ ದೇವಸ್ಥಾನಕ್ಕೆ ದುಡಿಯುವ ಹುಡುಗನಿಗೆ ದೇವರ ಕೆಲಸ, ತನ್ನ ಓಡಾಟ, ತನ್ನ ಬೈಕು ಎಲ್ಲ ಒಂದೇ ಆಗಿಬಿಡುತ್ತದೆ. ಅವನ ಒಳ್ಳೆಯತನವೇ ಅವನ ಕಣ್ಣಿಗೆ ಅಡ್ಡ ಬಂದಿದೆ.

ನಿಮ್ಮ ಮನೆಯಲ್ಲಿ ಮುಡಿಪು ಇದೆಯಾ? ನಮ್ಮ ಮನೆಯಲ್ಲಿತ್ತು. ಅರಿಸಿನ ಹಚ್ಚಿದ ಬಟ್ಟೆಯ ತುಂಡಿನಲ್ಲಿ ಅಜ್ಜಿ ಒಂದೊಂದೇ ನಾಣ್ಯ ಹಾಕಿ ಗಂಟು ಬಿಗಿದು ದೇವರ ಪೆಟ್ಟಿಗೆಯಲ್ಲಿಡುತ್ತಿದ್ದಳು. ಇಡಗುಂಜಿ ಗಣಪತಿಯ ಗುಡಿಗೆ ಹೋಗುವಾಗ ಒಯ್ಯಲಿಕ್ಕೆ. ಒಂದು ಮಳೆಗಾಲ ನನ್ನ ತಮ್ಮನಿಗೆ ಜ್ವರ ಏರಿತು. ಮನೆಯಲ್ಲಿ ಬಿಡಿಗಾಸಿಲ್ಲ. ನಾನು ಆ ಪೆಟ್ಟಿಗೆಯ ಕಡೆ ನೋಡಿದೆ. ಅಜ್ಜಿ ಏನೂ ಹೇಳಲಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಆ ಮಳೆಯಲ್ಲೇ ಆಚೆಮನೆಗೆ ಹೋಗಿ ಸಾಲ ತಂದಳು. ಗಂಟು ಬಿಚ್ಚಲಿಲ್ಲ. ಬಿಚ್ಚಿದ್ದರೆ ದೇವರು ಸಿಟ್ಟಾಗುತ್ತಿದ್ದ ಎಂದು ಈಗ ನಾನು ನಂಬುವುದಿಲ್ಲ. ಆದರೆ "ಅದು ನಮ್ಮದಲ್ಲ" ಅನ್ನುವುದು ನನಗೆ ತಿಳಿದದ್ದು ಆ ದಿನವೇ.

ನಿಮ್ಮ ಮಗ ಮುಡಿಪನ್ನು ಎಂದೂ ಮುಟ್ಟುವುದಿಲ್ಲ, ಅಲ್ವಾ? ಹಾಗಾದರೆ ವಂತಿಗೆ ಹಣ ಯಾಕೆ ಮುಟ್ಟಿದ? ಇದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಮೂರನೇ ಪುಟದಲ್ಲಿ "ಈಗ ಎಲ್ಲ ಅವನ ಫೋನಿಗೇ ಬರ್ತದೆ" ಎಂದು ಬರೆದಿದ್ದೀರಿ. ಮನೆಮನೆಯವರು ಗೂಗಲ್ ಪೇ ಮಾಡಿದ್ದು ಅವನ ಸ್ವಂತ ನಂಬರಿಗೆ. ಅದೇ ಖಾತೆಯಲ್ಲಿ ಅವನ ಸ್ಕಾಲರ್‌ಶಿಪ್ಪು, ಅಪ್ಪ ಹಾಕಿದ ಬಸ್ ಪಾಸಿನ ದುಡ್ಡು, ಊರವರ ವಂತಿಗೆ. ತೆರೆದು ನೋಡಿದರೆ ಒಂದೇ ಮೊತ್ತ ಕಾಣುತ್ತದೆ. ಅದರಲ್ಲಿ ಅರಿಸಿನ ಬಟ್ಟೆಯ ಗಂಟು ಎಲ್ಲಿದೆ ಹೇಳಿ. ಪೆಟ್ರೋಲ್ ಬಂಕಿನಲ್ಲಿ ಸ್ಕ್ಯಾನ್ ಮಾಡುವಾಗ ಯಾವ ದುಡ್ಡು ಹೋಯಿತು ಎಂದು ಅವನಿಗೂ ಗೊತ್ತಾಗಿರಲಿಕ್ಕಿಲ್ಲ.

ಅವನ ತಪ್ಪನ್ನು ಮುಚ್ಚಲು ಇದನ್ನು ಹೇಳುತ್ತಿಲ್ಲ. ಗೆಳೆಯನಿಗೆ 2,000 ಕೊಡುವಾಗ ಅವನಿಗೆ ಖಂಡಿತ ಗೊತ್ತಿತ್ತು. ಆದರೆ ಮಂಡಳಿಯ ದೊಡ್ಡವರದ್ದೂ ತಪ್ಪಿದೆ. ಹುಡುಗನ ಕೈಗೆ ರಸೀದಿ ಪುಸ್ತಕ ಕೊಟ್ಟರು, ಹಣ ಬೇರೆ ಇಡಲಿಕ್ಕೆ ಜಾಗ ಕೊಡಲಿಲ್ಲ. ಊರಿನ ಸಹಕಾರಿ ಸೊಸೈಟಿಯಲ್ಲಿ ಇಬ್ಬರ ಸಹಿಯ ಒಂದು ಖಾತೆ, ಆ ಖಾತೆಯದ್ದೇ ಕ್ಯೂಆರ್ ಚೀಟಿ, ನಂಬರು ಹಾಕಿದ ರಸೀದಿ. ಇಷ್ಟು ಮಾಡಲು ಒಂದು ಬೆಳಗ್ಗೆ ಸಾಕಿತ್ತು.

ಬೆರಕೆಯ ಮಾತು ಬಂತು, ಒಂದು ಕಟು ಮಾತು ಹೇಳುತ್ತೇನೆ. ಅಡಿಕೆ ಬೆಳೆಯುವ ಮನೆಯವರು ನೀವು. ಒಣಗಿಸಿ ಸುಲಿದ ಅಡಿಕೆಯ, ಅಂದರೆ ಚಾಲಿಯ, ಚೀಲ ತುಂಬುವಾಗ ಬಾಯಲ್ಲಿ ಒಳ್ಳೆಯದು, ಅಡಿಯಲ್ಲಿ ನಾಲ್ಕು ಹಿಡಿ ಬಿಳೆಗೋಟು, ಕೋಕಾದಂಥ ಕೀಳು ದರ್ಜೆಯ ಅಡಿಕೆ ಸೇರಿಸುವುದನ್ನು ಎಷ್ಟು ಮನೆಯ ಮಕ್ಕಳು ನೋಡಿಲ್ಲ? ಚೀಲದ ಬಾಯಿ ಹಿಡಿದುಕೊಂಡವರೇ ಅವರು. ನಿಮ್ಮ ಮನೆಯಲ್ಲಿ ಹಾಗೆ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಬೆಳಿಗ್ಗೆ ಪೂಜೆ ಮಾಡಿ ಮಧ್ಯಾಹ್ನ ಚೀಲ ಬೆರೆಸುವ ಅಪ್ಪನ ಮಗನಿಗೆ ಭಜನೆಯಿಂದ ಪ್ರಾಮಾಣಿಕತೆ ಬರುವುದಿಲ್ಲ. ಪೂಜೆ ಒಂದು ಕೋಣೆ, ವ್ಯವಹಾರ ಇನ್ನೊಂದು ಕೋಣೆ ಎಂದು ಅವನು ಆಗಲೇ ಕಲಿತಿರುತ್ತಾನೆ.

ಇನ್ನು ತಪ್ಪುಕಾಣಿಕೆ. ಹಾಕಲಿ, ಬೇಡ ಎನ್ನುವುದಿಲ್ಲ. ಆದರೆ ಆಮೇಲೆ. ಕಡಿಮೆಯಾದದ್ದು ಮನೆಮನೆಯವರು ಕೊಟ್ಟ ಹಣ. ಕೂಲಿಯಲ್ಲಿ ಐವತ್ತು ಉಳಿಸಿ ಕೊಟ್ಟ ಹೆಂಗಸೂ ಅದರಲ್ಲಿದ್ದಾಳೆ. ಅವಳಿಗೆ ಸಲ್ಲಬೇಕಾದದ್ದನ್ನು ಹುಂಡಿಗೆ ಹಾಕಿ ಕೈ ತೊಳೆಯಲು ಬರುವುದಿಲ್ಲ. ನಮ್ಮ ಮಕ್ಕಳಿಗೆ ದೇವರ ಭಯ ಕಲಿಸಿದ್ದೇವೆ. ಆ ಹೆಂಗಸಿನ ಎದುರು ನಿಲ್ಲುವ ಸಂಕೋಚ ಕಲಿಸಿಲ್ಲ. ಈ ಮಾತು ದೇವಸ್ಥಾನಕ್ಕೆ ಮಾತ್ರವಲ್ಲ. ಕಾರವಾರದಲ್ಲಿ ಇಗರ್ಜಿಯ (ಚರ್ಚಿನ) ಹಬ್ಬಕ್ಕೆ ದುಡಿಯುವ ಹುಡುಗರಿಗೂ, ಭಟ್ಕಳದಲ್ಲಿ ಮಸೀದಿಗೆ ಚಂದಾ ಎತ್ತುವವರಿಗೂ ಇದು ಅಷ್ಟೇ ಸಲ್ಲುತ್ತದೆ. ನಂಬಿ ಕೈಗಿಟ್ಟದ್ದಕ್ಕೆ ಮುಸಲ್ಮಾನರು ಅಮಾನತ್ ಎನ್ನುತ್ತಾರೆ. ನಮ್ಮ ಮುಡಿಪಿಗೆ ತೀರ ಹತ್ತಿರದ ಮಾತು.

ಹುಡುಗರು ಪ್ರಶ್ನೆ ಕೇಳಲಿಕ್ಕೂ ಜಾಗ ಬೇಕು. "ದೇವರ ದುಡ್ಡಿನ ಲೆಕ್ಕ ಕೇಳ್ತೀಯಾ?" ಎಂದು ಬಾಯಿ ಮುಚ್ಚಿಸುವ ಕಮಿಟಿಗಳನ್ನು ನಾನು ನೋಡಿದ್ದೇನೆ. ಅಲ್ಲಿ ಬೆಳೆದ ಹುಡುಗ ನಾಳೆ ತಾನೂ ಲೆಕ್ಕ ಕೊಡುವುದಿಲ್ಲ. ಶಿರಸಿಯ ಮಾರಿಕಾಂಬೆಯನ್ನೇ ನೋಡಿ. ಎರಡು ವರ್ಷಕ್ಕೊಮ್ಮೆ ಜಾತ್ರೆ, ಲಕ್ಷಾಂತರ ಜನ. ಅಲ್ಲಿ ಹಿಂದೆ ಕೋಣನ ಬಲಿ ಇತ್ತು. 1934ರಲ್ಲಿ ಶಿರಸಿಗೆ ಬಂದ ಗಾಂಧೀಜಿ, ಬಲಿ ಕೊಡುವ ಗುಡಿಗೆ ತಾನು ಬರುವುದಿಲ್ಲ ಎಂದರು. ಆ ಮಾತು ಅಲ್ಲಿಗೇ ಮುಗಿಯಲಿಲ್ಲ. ಮುಂದೆ ಕೋಣನ ಬಲಿ ನಿಂತಿತು. ತಲೆತಲಾಂತರದ ಪದ್ಧತಿಯನ್ನೇ ಬದಲಿಸಿದ ಊರು ಇದು. ರಸೀದಿ ತೋರಿಸಿ ಎಂದು ಹುಡುಗನೊಬ್ಬ ಕೇಳಿದರೆ ನಾವು ಯಾಕೆ ಉರಿದು ಬೀಳಬೇಕು?

ಇನ್ನೊಂದು ವಿಷಯ ಮನಸ್ಸಿನಿಂದ ಹೋಗುವುದಿಲ್ಲ. ಕಾರವಾರದ ಎದುರು ಸಮುದ್ರದಲ್ಲಿ ಕೂರ್ಮಗಡ ಎಂಬ ದ್ವೀಪ ಇದೆ. ಪುಷ್ಯ ಹುಣ್ಣಿಮೆಗೆ ಅಲ್ಲಿ ನರಸಿಂಹ ದೇವರ ಜಾತ್ರೆ. ದೋಣಿಯಲ್ಲೇ ಹೋಗಬೇಕು. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ಒಂದು ದೋಣಿ ಮಗುಚಿತು. 16 ಜನ ತೀರಿಕೊಂಡರು. ಅದರಲ್ಲಿ ಮಕ್ಕಳೂ ಇದ್ದರು. ಯಾರ ಮೇಲೂ ಬೆರಳು ತೋರಿಸಲು ಇದನ್ನು ಬರೆಯುತ್ತಿಲ್ಲ. ಜಾತ್ರೆಗೆ ಹುರುಪಿನಿಂದ ದುಡಿಯುವ ಹುಡುಗರಲ್ಲಿ ಒಬ್ಬನಾದರೂ ದೋಣಿ ಹತ್ತುವಲ್ಲಿ ನಿಂತು ತಲೆ ಎಣಿಸಬೇಕು. ಲೈಫ್ ಜಾಕೆಟ್ ಇಲ್ಲದವರನ್ನು ಇಳಿಸಬೇಕು. "ಮುಂದಿನ ದೋಣಿಗೆ ಬನ್ನಿ" ಎಂದು ಬೈಸಿಕೊಳ್ಳಬೇಕು. ಪಲ್ಲಕ್ಕಿ ಹೊರಲು ಹತ್ತು ಹೆಗಲು ಸಿಗುತ್ತವೆ, ಈ ಕೆಲಸಕ್ಕೆ ಯಾರೂ ಬರುವುದಿಲ್ಲ. ಮಕ್ಕಳಿಗೆ ಇದನ್ನೂ ಸೇವೆ ಎಂದೇ ಹೇಳಿಕೊಡಬೇಕು ಎಂಬುದು ನನ್ನ ಮಾತು.

ಈಗ ಏನು ಮಾಡುವುದು? ಮೊದಲು, ಅಪ್ಪ ಹಣ ತುಂಬಿಕೊಡುವುದು ಬೇಡ. ಈಗ ಅವನ ಹತ್ತಿರ ಎಷ್ಟಿದೆಯೋ ಅಷ್ಟು ಕೊಡಲಿ. ಉಳಿದದ್ದನ್ನು ದುಡಿದು ತೀರಿಸಲಿ. ಚಾಲಿ ಸುಲಿಯುವ ಕಾಲದಲ್ಲಿ ನಾಲ್ಕಾರು ಭಾನುವಾರ ಆಚೀಚೆ ಮನೆಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತರೆ ಆಯಿತು. ಸುಲಿದಷ್ಟಕ್ಕೆ ಕೂಲಿ ಸಿಗುತ್ತದೆ. ಗೆಳೆಯನಿಂದ 2,000 ವಸೂಲಿ ಮಾಡುವುದೂ ಅವನದ್ದೇ ಪಾಡು. ನೀವು ನಡುವೆ ಬರಬೇಡಿ.

ಎರಡನೆಯದು ಕಷ್ಟದ್ದು. ಮಂಡಳಿಯ ಸಭೆಯಲ್ಲಿ ಅವನೇ ಎದ್ದು ನಿಂತು ಲೆಕ್ಕ ಓದಬೇಕು. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ಹದಿನೆಂಟರಲ್ಲಿ ನಮ್ಮೂರ ಬಯಲಾಟದ ವಂತಿಗೆ ನನ್ನ ಕೈಯಲ್ಲಿತ್ತು. ಅದರಲ್ಲಿ ಹನ್ನೆರಡು ರೂಪಾಯಿ ಚಹಾ, ಭಜೆಗೆ ಹೋಗಿತ್ತು. ಲೆಕ್ಕ ನೋಡುತ್ತಿದ್ದ ಹಿರಿಯರು ಬೈಯಲಿಲ್ಲ. ಲಾಟೀನು ನನ್ನ ಕಡೆ ಸರಿಸಿ, "ಬರೆ" ಎಂದರು. "ಚಹಾ, ಭಜೆ, 12" ಎಂದು ನನ್ನ ಕೈಯಲ್ಲೇ ಬರೆಸಿದರು. ಮರುದಿನ ಎಲ್ಲರೆದುರು ಓದಿಸಿದರು. ನನ್ನ ಗಂಟಲು ಕಟ್ಟಿತು. ಸಭೆಯಲ್ಲಿ ಯಾರೂ ನಗಲಿಲ್ಲ. ಆಮೇಲೆ ಅದೇ ಹಿರಿಯರು ಮುಂದಿನ ವರ್ಷದ ರಸೀದಿ ಪುಸ್ತಕವನ್ನೂ ನನಗೇ ಕೊಟ್ಟರು.

ಆದ್ದರಿಂದ ಮಂಡಳಿಯವರಿಗೂ ಒಂದು ಮಾತು ಮುಟ್ಟಿಸಿ. ಅವನನ್ನು ತೆಗೆದುಹಾಕಬೇಡಿ. ಮುಂದಿನ ವರ್ಷವೂ ಅವನಿಗೇ ಕೊಡಿ. ಆದರೆ ಈ ಸಲ ಸೊಸೈಟಿಯ ಖಾತೆ, ಜೊತೆಗೊಬ್ಬ, ಹಬ್ಬ ಮುಗಿದ ವಾರದೊಳಗೆ ದೇವಸ್ಥಾನದ ಹಲಗೆಯ ಮೇಲೆ ಪೂರ್ತಿ ಲೆಕ್ಕ. ದೊಡ್ಡವರ ಕೈಯಲ್ಲಿರುವ ದೇವಸ್ಥಾನದ ಲೆಕ್ಕವೂ ಅದರ ಪಕ್ಕದಲ್ಲೇ ಅಂಟಿರಲಿ.

ಅವನು ಓದುವ ದಿನ ನೀವೂ ಸಭೆಗೆ ಹೋಗಿ, ತಂಗೀ. ಹಿಂದಿನ ಸಾಲಿನಲ್ಲಿ ಕುಳಿತರೆ ಸಾಕು. ಮನೆಗೆ ಬಂದ ಮೇಲೆ ಆ ವಿಷಯ ತೆಗೆಯಬೇಡಿ. ಬಿಸಿ ಅನ್ನ ಬಡಿಸಿ, ಅವನಿಗೆ ಇಷ್ಟದ ತಂಬುಳಿ ಮಾಡಿಟ್ಟಿರಿ.