ಮಲಬದ್ಧತೆಗೆ ಅಂತ ಸೋನಾಮುಖಿ ಪುಡಿ ತಗೊಂಡು ಎರಡು ತಾಸಾದ್ರೂ ಏನೂ ಆಗ್ಲಿಲ್ಲ, ತಮ್ಮನಿಗೆ ಬೇಗ ಹಿಡಿಯತ್ತೆ, ನಂಗೆ ಹಿಡಿಯಲ್ಲ, ಡೋಸ್ ಜಾಸ್ತಿ ಮಾಡ್ಲಾ, ಸ್ಟ್ರಾಂಗ್ ಮಾತ್ರೆ ತಗೊಳ್ಲಾ?

ಎರಡೂ ಬೇಡ ಮಾರಾಯ್ರೆ. ನಾನೂ ಶಿರಸಿಲಿ ಒಂದು ರಾತ್ರಿ ಹೀಗೇ ಗಡಿಯಾರ ನೋಡ್ತಾ ಕೂತವನೇ. ಮರುದಿನ ಕುಮಟಾದಲ್ಲಿ ಚಿಕ್ಕಪ್ಪನ ಮಗಳ ಮದುವೆ, ಹೊಟ್ಟೆ ಕಲ್ಲಾಗಿ ಕೂತಿತ್ತು, ಊಟ ಆದ್ಮೇಲೆ ಬಿಸಿನೀರಲ್ಲಿ ಒಂದು ಚಮಚ ಕುಡಿದೆ, ಹನ್ನೊಂದಾದ್ರೂ ಎಂತದೂ ಇಲ್ಲ, ಅಂಗಡಿಯವ ಹಳೇ ಮಾಲು ಕೊಟ್ಟಿದಾನೆ ಅಂತ ಬೈಕೊಂಡು ಇನ್ನಷ್ಟು ಕದಡಿ ಕುಡಿದು ಮಲಗಿದೆ. ಬೆಳಿಗ್ಗೆ ಬಸ್ಸು ದೇವಿಮನೆ ಘಟ್ಟ ಇಳೀವಾಗ ಹೊಟ್ಟೆ ಹಿಂಡೋಕೆ ಶುರು. ಕಂಡಕ್ಟರ್ ಹತ್ರ ಬೇಡಿ ಅರ್ಧ ದಾರಿಲೇ ಇಳಿದೆ, ಎಲ್ಲಿಗೆ ಓಡಿದೆ ಅಂತ ಕೇಳ್ಬೇಡಿ. ಮುಂದಿನ ಬಸ್ಸಲ್ಲಿ ತಲುಪೋ ಹೊತ್ತಿಗೆ ತಾಳಿ ಕಟ್ಟಿ ಆಗಿತ್ತು, ಎಲ್ರೂ ಹೋಳಿಗೆ ತಿಂತಿದ್ರೆ ನಂಗೆ ಉಪ್ಪು ಹಾಕಿದ ಮಜ್ಜಿಗೆ.

ಎಲ್ಲಿ ಎಡವಿದೆ ಅಂದ್ರೆ, ಇದೂ ಸೋಡಾಪುಡಿ ಥರ ಹೊಟ್ಟೆಗೆ ಬಿದ್ದ ಕೂಡ್ಲೇ ಕೆಲಸ ಮಾಡತ್ತೆ ಅಂದ್ಕೊಂಡಿದ್ದೆ. ಸೋನಾಮುಖಿಲಿ ಭೇದಿ ಮಾಡಿಸೋ ಅಂಶ ಸೆನ್ನೋಸೈಡ್, ಅದಕ್ಕೆ ಸಕ್ಕರೆಯ ತುಣುಕು ಅಂಟಿಕೊಂಡಿರತ್ತೆ, ಅದನ್ನ ಕತ್ತರಿಸೋಕೆ ಜಠರದ ಆಮ್ಲಕ್ಕೂ ಆಗಲ್ಲ, ಸಣ್ಣ ಕರುಳಿಗೂ ಆಗಲ್ಲ, ಹೆಚ್ಚುಕಮ್ಮಿ ಹಾಗೇ ದೊಡ್ಡ ಕರುಳಿಗೆ ಹೋಗತ್ತೆ. ಅಲ್ಲಿನ ಬ್ಯಾಕ್ಟೀರಿಯಾ ಸಕ್ಕರೆ ಕತ್ತರಿಸಿ, ಉಳಿದಿದ್ದನ್ನ ಒಡೆದು ರೈನ್ ಆಂಥ್ರೋನ್ ಅಂತ ಮಾಡಿದ್ಮೇಲೇ ಕರುಳು ಅಲುಗಾಡೋದು, ನೀರು ಹೀರೋದು ಕಮ್ಮಿ ಆಗೋದು. ಇದಕ್ಕೆಲ್ಲ ಸೇರಿ 6ರಿಂದ 12 ತಾಸು. ಅಂದ್ರೆ ಹನ್ನೊಂದು ಗಂಟೆಗೆ ನನ್ನ ಮೊದಲನೇ ಚಮಚ ಇನ್ನೂ ದಾರಿಲೇ ಇತ್ತು, ನಾನು ಅದರ ಹಿಂದೆನೇ ಇನ್ನೊಂದು ಲೋಡು ಕಳಿಸಿದೆ, ಎರಡೂ ಸೇರಿ ಘಟ್ಟದಲ್ಲಿ ಲೆಕ್ಕ ಚುಕ್ತಾ ಮಾಡಿದ್ವು. ಬ್ಯಾಕ್ಟೀರಿಯಾನೇ ಇಲ್ಲದ ಹಾಗೆ ಸಾಕಿದ ಇಲಿಗಳಿಗೆ ಸೆನ್ನೋಸೈಡ್ ಕೊಟ್ರೆ ಹೇಳಿಕೊಳ್ಳೋ ಭೇದಿನೇ ಆಗಲ್ಲ.

ಹಾಗಾಗಿ 'ಸ್ಟ್ರಾಂಗ್ ಮಾತ್ರೆ ತಗೊಳ್ಲಾ' ಅನ್ನೋ ಪ್ರಶ್ನೆನೇ ನಂಗೆ ಸರಿ ಕಾಣಲ್ಲ. ಮೆಡಿಕಲ್ ಶಾಪಲ್ಲಿ ಸಿಗೋ ಸೋನಾಮುಖಿ ಮಾತ್ರೇಲೂ ಇರೋದು ಇದೇ ಸೆನ್ನೋಸೈಡ್, ಅದಕ್ಕೂ ಇದೇ ದಾರಿ, ಇಷ್ಟೇ ಹೊತ್ತು. ಅಳತೆ ಪಕ್ಕಾ ಇರತ್ತೆ ಅನ್ನೋದೊಂದು ಲಾಭ, ಅದಕ್ಕೇ ನಾನೀಗ ಪುಡಿ ಬಿಟ್ಟು ಅದನ್ನೇ ತಗೊಳ್ಳೋದು.

ನಿಮ್ಮ ತಮ್ಮನಿಗೆ ಬೇಗ ಹಿಡಿಯತ್ತೆ, ನಿಮಗೆ ಹಿಡಿಯಲ್ಲ ಅಂದ್ರಲ್ಲ, ಅದ್ರಲ್ಲಿ ವಿಚಿತ್ರ ಎಂತದೂ ಇಲ್ಲ, ಕರುಳಿನ ಬ್ಯಾಕ್ಟೀರಿಯಾ ಎಲ್ಲರಲ್ಲೂ ಒಂದೇ ಥರ ಇರಲ್ಲ. ನಮ್ಮ ಕಡೆ ಮಾಡೋ ದಾಳಿಂಬೆ ಸಿಪ್ಪೆ ತಂಬುಳಿ ಗೊತ್ತಲ್ವಾ, ಆ ಸಿಪ್ಪೆಯ ಒಗರಿಂದ ಯುರೊಲಿಥಿನ್ ಅನ್ನೋ ಬೇರೆ ವಸ್ತು ಮಾಡೋದೂ ಕರುಳಿನ ಬ್ಯಾಕ್ಟೀರಿಯಾನೇ, ಕೆಲವರ ಹೊಟ್ಟೇಲಿ ಅದು ತಯಾರೇ ಆಗಲ್ಲ, ಒಂದೇ ಪಾತ್ರೆಯ ತಂಬುಳಿ ಉಂಡ್ರೂ.

ಗಿಡಮೂಲಿಕೆ ಅಂದ್ರೆ ಹೆದರೋದೇ ಬೇಡ ಅನ್ನೋರ ಮಾತು ಕೇಳ್ಬೇಡಿ. ಜ್ಯೇಷ್ಠಮಧುವಿನ ಸಿಹಿ ಅಂಶ ಗ್ಲಿಸಿರೈಝಿನ್, ಅದೂ ಹೀಗೇ ಕರುಳಲ್ಲಿ ಗ್ಲಿಸಿರೆಟಿನಿಕ್ ಆಮ್ಲ ಆಗತ್ತೆ, ದಿನಾ ಜಾಸ್ತಿ ತಗೊಂಡ್ರೆ ಬಿಪಿ ಏರತ್ತೆ, ಪೊಟ್ಯಾಶಿಯಂ ಇಳಿಯತ್ತೆ.

ಸೋನಾಮುಖಿ ರಾತ್ರಿ ಒಂದೇ ಸಲ ತಗೊಂಡು ಮಲಗಿ. ವಾರಕ್ಕಿಂತ ಜಾಸ್ತಿ ಬೇಕು ಅನಿಸಿದ್ರೆ ಡಾಕ್ಟರಿಗೆ ತೋರಿಸಿ, ಹೊಟ್ಟೆ ನೋವು, ವಾಂತಿ ಇದ್ರೆ ಮುಟ್ಲೇಬೇಡಿ. ಅಂದ ಹಾಗೆ ನೀವೀಗ ಆಂಟಿಬಯೋಟಿಕ್ ಏನಾದ್ರೂ ತಗೋತಿದೀರಾ? ಅದು ಈ ಬ್ಯಾಕ್ಟೀರಿಯಾಗಳನ್ನೂ ಹೊಡೆಯತ್ತೆ, ಇದ್ರೆ ಡಾಕ್ಟರಿಗೆ ಅದನ್ನೂ ಹೇಳಿ.