ತಾಯಿಗೆ ಆಲ್‌ಝೈಮರ್ ಇದ್ದರೆ ಮಕ್ಕಳಿಗೂ ಬರುತ್ತದೆಯೇ?

ಬರಲೇಬೇಕೆಂದಿಲ್ಲ. ತಾಯಿಗೆ ಕಾಯಿಲೆ ಯಾವ ವಯಸ್ಸಿನಲ್ಲಿ ಶುರುವಾಯಿತು ಎಂಬುದನ್ನು ಮೊದಲು ನೋಡಿ.

70 ದಾಟಿದ ಮೇಲೆ ಕಾಣಿಸಿಕೊಂಡಿದ್ದರೆ, ಅದು ಬಹುಪಾಲು ರೋಗಿಗಳಲ್ಲಿ ಕಾಣುವ ಸಾಮಾನ್ಯ ಬಗೆ. ಇಲ್ಲಿ ಎಪಿಒಇ ಎಂಬ ಜೀನ್‌ನ ಇ4 ರೂಪ ಅಪಾಯವನ್ನು ಹೆಚ್ಚಿಸುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಬಂದಿದ್ದರೆ ಇನ್ನಷ್ಟು. ಆದರೆ ಇ4 ಇದ್ದೂ ಕೊನೆಯವರೆಗೆ ನೆನಪು ಚುರುಕಾಗಿದ್ದವರಿದ್ದಾರೆ, ಇಲ್ಲದೆಯೂ ಮರೆವಿಗೆ ಸಿಕ್ಕವರಿದ್ದಾರೆ. ಹಾಗಾಗಿ ಬರೀ ಕುತೂಹಲಕ್ಕೆ ಈ ಜೀನ್‌ನ ಪರೀಕ್ಷೆ ಮಾಡಿಸುವುದು ನನಗೆ ಸರಿಕಾಣುವುದಿಲ್ಲ.

40, 50ರಲ್ಲೇ ಶುರುವಾಗಿ, ತಲೆಮಾರಿನಿಂದ ತಲೆಮಾರಿಗೆ ಹಾಗೆಯೇ ಬಂದಿದ್ದರೆ ಮಾತು ಬೇರೆ. ಎಪಿಪಿ, ಪಿಎಸ್‌ಇಎನ್1, ಪಿಎಸ್‌ಇಎನ್2 ಜೀನ್‌ಗಳಲ್ಲೊಂದರ ದೋಷ ಕಾರಣವಿರಬಹುದು; ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಶೇ. 50. ಇಂಥ ಪ್ರಕರಣಗಳು ಒಟ್ಟಾರೆ ಶೇ. 1ಕ್ಕಿಂತ ಕಡಿಮೆ. ಕೊಲಂಬಿಯಾದ ಆಂಟಿಯೋಕಿಯಾ ಪ್ರಾಂತ್ಯದ ದೊಡ್ಡ ವಂಶವೊಂದರಲ್ಲಿ ಪಿಎಸ್‌ಇಎನ್1 ದೋಷವಿದ್ದವರಿಗೆ 40ರ ಆಸುಪಾಸಿನಲ್ಲೇ ನೆನಪು ಕುಂದತೊಡಗುತ್ತದೆ. ವಿಚಿತ್ರವೆಂದರೆ, ಅದೇ ದೋಷವಿದ್ದ ಮಹಿಳೆಯೊಬ್ಬರಿಗೆ 70 ದಾಟುವವರೆಗೂ ಮರೆವು ಕಾಡಲಿಲ್ಲ. ಅವರ ಎಪಿಒಇ ಜೀನ್‌ನಲ್ಲಿದ್ದ ಅಪರೂಪದ ಬದಲಾವಣೆಯೇ ಕಾಪಾಡಿರಬೇಕು ಎಂದು ಸಂಶೋಧಕರು 2019ರಲ್ಲಿ ವರದಿ ಮಾಡಿದರು.