ಬರಹಗಾರರಿಗೆ ಸಲಹೆ: ಕಾರ್ಯದರ್ಶಿ ಕದ್ದ ಹಾಲು ಎಷ್ಟು?

ನಮಸ್ಕಾರ.

ನೀವು ಕಳಿಸಿದ ಕಥೆಯನ್ನು ಓದಿದೆವು. ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿ, ಅಲ್ಲಿನ ಹಾಲಿನ ಡೈರಿ, ಬಹಳ ವರ್ಷದಿಂದ ಲೆಕ್ಕ ಬರೆಯುತ್ತಿರುವ ಕಾರ್ಯದರ್ಶಿ. ಆತ ರಾತ್ರಿ ಹೊತ್ತು ಕೂಲರಿನಿಂದ ಎರಡು ಕ್ಯಾನ್ ಹಾಲು ತೆಗೆದು ಹಾಸನದ ಹೋಟೆಲಿಗೆ ಸಾಗಿಸುತ್ತಾನೆ. ಒಬ್ಬ ರೈತ ಅದನ್ನು ಕಣ್ಣಾರೆ ನೋಡುತ್ತಾನೆ, ಪೊಲೀಸರು ಬರುತ್ತಾರೆ, ಕೊನೆಗೆ ಕಾರ್ಯದರ್ಶಿ ಹಾಸನಾಂಬೆಯ ಮುಂದೆ ನಿಂತು ಅಳುತ್ತಾನೆ. ಈ ರೂಪದಲ್ಲಿ ನಾವು ಇದನ್ನು ಪ್ರಕಟಿಸಲಾರೆವು. ಆದರೂ ಇಷ್ಟುದ್ದ ಉತ್ತರ ಬರೆಯಲು ಕಾರಣ ನಿಮ್ಮ ಎರಡನೇ ಪುಟದ ಒಂದು ಸಾಲು: "ಕಾಟಾ ಆರು ಇನ್ನೂರೆಪ್ಪತ್ತು ತೋರಿಸಿದರೆ ಆತ ಆರು ಅಂತಲೇ ಬರೆಯುತ್ತಿದ್ದ." ಕಥೆ ಇರುವುದು ಅಲ್ಲಿ. ನೀವು ಅಲ್ಲಿ ಒಂದು ಗಳಿಗೆಯೂ ನಿಲ್ಲದೆ ಕ್ಯಾನುಗಳ ಕಡೆ ಓಡಿಬಿಟ್ಟಿದ್ದೀರಿ.

ಮೊದಲು ಆ ಕ್ಯಾನುಗಳ ವಿಷಯ ಮುಗಿಸೋಣ. ಎರಡು ಕ್ಯಾನ್ ಅಂದರೆ 80 ಲೀಟರ್. ಕೂಲರಿನಲ್ಲಿ ಎಷ್ಟು ಹಾಲಿದೆ ಎಂಬುದು ಅಳತೆ ಕಡ್ಡಿಯಲ್ಲಿ ಕಾಣುತ್ತದೆ, ಸಂಗ್ರಹದ ಪುಸ್ತಕದಲ್ಲೂ ಇರುತ್ತದೆ, ಬೆಳಿಗ್ಗೆ ಟ್ಯಾಂಕರಿನವನು ಕೊಡುವ ಚೀಟಿಯಲ್ಲೂ ಇರುತ್ತದೆ. 80 ಲೀಟರ್ ಕಡಿಮೆಯಾದರೆ ಅದೇ ದಿನ, ಡೈರಿಯ ಹಾಲು ಕೊಳ್ಳುವ ಹಾಲು ಒಕ್ಕೂಟದಿಂದ ಫೋನ್ ಬರುತ್ತದೆ. ವರ್ಷಗಟ್ಟಲೆ ಹಾಗೆ ನಡೆಯಿತು ಎಂದರೆ ಡೈರಿಗೆ ಹಾಲು ಹಾಕುವ ಯಾರೂ ನಂಬುವುದಿಲ್ಲ, ಮತ್ತು ನಿಮ್ಮ ಓದುಗರಲ್ಲಿ ಅರ್ಧದಷ್ಟು ಜನ ಅವರೇ. ಸಣ್ಣ ಮೋಸ ಕಥೆಗೆ ಸಾಲದು ಎಂಬ ಅಂಜಿಕೆಯಿಂದ ನೀವು ದೊಡ್ಡ ಕಳ್ಳತನ ತಂದಿದ್ದೀರಿ ಅನಿಸುತ್ತದೆ. ಆ ಅಂಜಿಕೆ ಬೇಡ.

ಈಗ ಆ ಆರು ಇನ್ನೂರೆಪ್ಪತ್ತಕ್ಕೆ ಬರೋಣ. ಕಾಟಾ ತೋರಿಸುವುದು ಕಿಲೋ, ಪುಸ್ತಕಕ್ಕೆ ಹೋಗುವುದು ಲೀಟರ್. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಆರು ಲೀಟರಿಗೆ 6.180 ಕಿಲೋ ಬರಲೇಬೇಕು. ಅಂದರೆ 270 ಗ್ರಾಮಿನಲ್ಲಿ 180 ಗ್ರಾಂ ನ್ಯಾಯವಾದದ್ದು, ಅದನ್ನು ಯಾರೂ ತಿಂದಿಲ್ಲ. ಉಳಿದ 90 ಗ್ರಾಂ, ಅಂದರೆ 87 ಮಿಲಿ, ರೈತನ ಲೆಕ್ಕದಿಂದ ಬಿದ್ದುಹೋದ ಹಾಲು. ಇದನ್ನು ನೀವು ಬಿಡಿಸಿ ಹೇಳದಿದ್ದರೆ ಗೊತ್ತಿಲ್ಲದ ಓದುಗ ಕಾಲು ಲೀಟರ್ ಹೊಡೆದ ಅಂದುಕೊಳ್ಳುತ್ತಾನೆ, ಗೊತ್ತಿರುವ ಓದುಗ ಪುಸ್ತಕ ಮುಚ್ಚುತ್ತಾನೆ.

100 ಮಿಲಿಗಿಂತ ಕೆಳಗಿನದನ್ನೆಲ್ಲ ಬಿಟ್ಟು ಬರೆದರೆ ಒಬ್ಬೊಬ್ಬರಿಂದ ಒಂದು ಹೊತ್ತಿಗೆ ಸರಾಸರಿ 50 ಮಿಲಿ ಉಳಿಯುತ್ತದೆ. ನಿಮ್ಮ ಡೈರಿಗೆ 120 ಜನ ಹಾಲು ಹಾಕುತ್ತಾರೆ, ದಿನಕ್ಕೆ ಎರಡು ಹೊತ್ತು. ಒಟ್ಟು 12 ಲೀಟರ್. ಲೀಟರಿಗೆ 35 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 12,600. ಒಬ್ಬ ರೈತನ ಪಾಲಿಗೆ ದಿನಕ್ಕೆ ಮೂರೂವರೆ ರೂಪಾಯಿ. ಮೂರೂವರೆ ರೂಪಾಯಿಗೆ ಸಾಲಿನಲ್ಲಿ ನಿಂತು, ಹಿಂದೆ ಹತ್ತು ಜನ ಬಿಂದಿಗೆ ಹಿಡಿದು ಕಾಯುತ್ತಿರುವಾಗ, ಯಾರು ಜಗಳ ತೆಗೆಯುತ್ತಾರೆ? ಈ ಎರಡು ಅಂಕಿಗಳ ನಡುವಿನ ಅಂತರವೇ ನಿಮ್ಮ ಪಾತ್ರ ಉಸಿರಾಡುವ ಜಾಗ. ಕಥೆಯಲ್ಲಿ ಲೆಕ್ಕವನ್ನು ಹೀಗೆ ಪಟ್ಟಿ ಹಾಕಬೇಡಿ. ಆದರೆ ಬರೆಯುವ ಮೊದಲು ಕಾಗದದ ಮೇಲೆ ಹಾಕಿ ಇಟ್ಟುಕೊಳ್ಳಿ, ಆಗ ಒಂದು ವಾಕ್ಯವೂ ತಪ್ಪುವುದಿಲ್ಲ.

ನಿಮ್ಮ ಕಾರ್ಯದರ್ಶಿ ಮೊದಲ ದಿನದಿಂದಲೇ ಕಳ್ಳ. ಅಲ್ಲಿ ನಮಗೆ ತೀವ್ರ ಭಿನ್ನಾಭಿಪ್ರಾಯ ಇದೆ. ಡೈರಿ ನಡೆಸುವ ಹಳ್ಳಿಯ ಸಂಘ ರೈತರಿಂದ ಹಾಲು ಕೊಳ್ಳುವುದು ತನ್ನ ಅಳತೆಯಲ್ಲಿ, ಒಕ್ಕೂಟಕ್ಕೆ ಮಾರುವುದು ಒಕ್ಕೂಟದ ಅಳತೆಯಲ್ಲಿ. ನಡುವೆ ಕ್ಯಾನಿನ ಗೋಡೆಗೆ ಅಂಟುವ ಹಾಲು, ಸುರಿಯುವಾಗ ಚೆಲ್ಲುವ ಹಾಲು, ಟ್ಯಾಂಕರಿನ ಹತ್ತಿರ ಕಡಿಮೆ ಬೀಳುವ ಒಂದೆರಡು ಲೀಟರ್, ಜಿಡ್ಡಿನ ಅಳತೆಯಲ್ಲಿ ಒಂದಿಷ್ಟು ವ್ಯತ್ಯಾಸ. ಈ ಕೊರತೆ ಸಂಘದ ತಲೆ ಮೇಲೆ ಬರುತ್ತದೆ, ಕಮಿಟಿಯವರು ಕೇಳುವುದು ಕಾರ್ಯದರ್ಶಿಯನ್ನೇ. ಹಾಗಾಗಿ ಮೊದಲ ಸಲ ಆತ 87 ಮಿಲಿ ಬಿಟ್ಟು ಬರೆದಿದ್ದು ಜೇಬಿಗಲ್ಲ, ನಾಳೆ ಬರುವ ಕೊರತೆಗೆ ತಡೆಯಾಗಿ. ತಪ್ಪು ಎನ್ನುವುದು ಇಲ್ಲಿಯೂ ಇದೆ: ಸಭೆಯಲ್ಲಿ ಇಟ್ಟು, ಎಲ್ಲರಿಗೂ ಹೇಳಿ ಮಾಡಬೇಕಾದ್ದನ್ನು ಆತ ಪೆನ್ನಿನ ತುದಿಯಲ್ಲಿ ಮಾಡಿದ. ಆದರೂ ಈ ಹಂತದಲ್ಲಿ ಆತನಿಗೆ ರಾತ್ರಿ ನಿದ್ದೆ ಬರುತ್ತದೆ, ಬರಬೇಕು ಕೂಡ.

ಕೊರತೆ ದಿನಕ್ಕೆ ನಾಲ್ಕು ಲೀಟರ್, ಉಳಿತಾಯ ಹನ್ನೆರಡು. ಮಿಕ್ಕಿದ ಎಂಟು ಲೀಟರ್ ಕೂಲರಿನಲ್ಲಿ ಇದೆ, ಪುಸ್ತಕದಲ್ಲಿ ಇಲ್ಲ. ಅದಕ್ಕೊಂದು ಹೆಸರು ಬೇಕು. ಸಂಘದ ಹೆಚ್ಚುವರಿ ಹಾಲು ಎಂದು ಬರೆದರೆ ಅದು ಲಾಭಕ್ಕೆ ಸೇರಿ, ವರ್ಷದ ಕೊನೆಗೆ ಬೋನಸ್ ರೂಪದಲ್ಲಿ ಅದೇ ರೈತರಿಗೆ ವಾಪಸ್ ಬರುತ್ತದೆ. ಇನ್ನೊಂದು ದಾರಿ, ಯಾವುದಾದರೂ ಸದಸ್ಯರ ನಂಬರಿನ ಮುಂದೆ ಬರೆಯುವುದು. ನಿಮ್ಮ ಕಥೆಯಲ್ಲಿ ಕಾರ್ಯದರ್ಶಿಯ ಅತ್ತಿಗೆ ಒಬ್ಬಳಿದ್ದಾಳೆ, ಕಾಫಿ ಕೊಡುವುದು ಬಿಟ್ಟರೆ ಆಕೆಗೆ ಕೆಲಸವೇ ಇಲ್ಲ. ಆಕೆಗೆ ಒಂದು ಸದಸ್ಯ ಸಂಖ್ಯೆ ಕೊಡಿ. ಆಕೆಯ ಹಸು ಗಬ್ಬವಾಗಿದೆ, ಕರು ಹಾಕಲು ಎರಡು ತಿಂಗಳಿರುವಾಗ ಹಾಲು ಬತ್ತಿಸಿದ್ದಾರೆ. ಆದರೆ ಪುಸ್ತಕದಲ್ಲಿ ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು ಬರುತ್ತಲೇ ಇದೆ. ಪೆನ್ನು ಒಂದು ಸಾಲು ಕೆಳಗಿಳಿದ ಆ ಸಂಜೆಯನ್ನು ನೀವು ಒಂದು ಪುಟ ಬರೆಯಬೇಕು. ಹೊರಗಡೆ ಏನೂ ನಡೆಯುವುದಿಲ್ಲ: ಬಲ್ಬು, ಒದ್ದೆ ನೆಲ, ಹಾಲಿನ ಹುಳಿ ವಾಸನೆ, ಕೊನೆಯವರು ಬಿಂದಿಗೆ ತೊಳೆದುಕೊಂಡು ಹೋಗಿದ್ದಾರೆ. ಆತ ಬರೆಯುತ್ತಾನೆ, ಅಷ್ಟೆ.

ಇನ್ನೂ ಒಂದು ಸಂಗತಿ ಇದರ ಹಿಂದೆಯೇ ಬರುತ್ತದೆ. ಹಾಲು ಹಾಕಿದವರಿಗೆ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವನ್ನು ನೇರವಾಗಿ ಬ್ಯಾಂಕ್ ಖಾತೆಗೆ ಹಾಕುತ್ತದೆ. ಅತ್ತಿಗೆಯ ಹೆಸರಿನ ಎಂಟು ಲೀಟರಿಗೂ ದಿನಕ್ಕೆ 40 ರೂಪಾಯಿ ಬೀಳುತ್ತದೆ. ಆತ ಊರಿನವರ ಹಾಲನ್ನಷ್ಟೇ ಮುಟ್ಟಿದೆ ಅಂದುಕೊಂಡಿದ್ದ, ಗೊತ್ತಿಲ್ಲದೆ ಖಜಾನೆಗೂ ಕೈ ಹಾಕಿಯಾಯಿತು. ಕೆಲಸದ ಜಾಗದ ಸಣ್ಣ ಸುಳ್ಳುಗಳು ಬೆಳೆಯುವ ಬಗೆಯೇ ಇದು. ಮಾಡಿದವನು ಎರಡನೇ ಹೆಜ್ಜೆ ಇಡಬೇಕಾಗಿಲ್ಲ, ಮೊದಲನೆಯದೇ ಬೇರೆ ಬೇರೆ ಪುಸ್ತಕಗಳಿಗೆ ತಾನಾಗಿ ಹಬ್ಬುತ್ತದೆ.

ಹೊರಗೆ ಬೀಳುವುದು ಹೇಗೆ? ಅಡಗಿ ನೋಡುವ ರೈತ, ಟಾರ್ಚು, ಪೊಲೀಸ್ ಜೀಪು ಯಾವುದೂ ಬೇಡ. ಬಟವಾಡೆ ದಿನ ಪಕ್ಕದ ಮನೆಯಾಕೆ ಕೇಳಿದರೆ ಸಾಕು: "ಏನಕ್ಕಾ, ನಿಮ್ಮ ಹಸ ಬತ್ತಿ ತಿಂಗ್ಳಾಯ್ತಲ್ಲ, ಇದ್ಯಾವ ಹಾಲಿನ್ ದುಡ್ಡು?" ಅತ್ತಿಗೆಗೆ ಆ ಕ್ಷಣದವರೆಗೆ ವಿಷಯ ಗೊತ್ತಿತ್ತೋ ಇಲ್ಲವೋ ಎಂಬುದನ್ನು ನೀವು ಮೊದಲೇ ತೀರ್ಮಾನಿಸಿಕೊಳ್ಳಿ. ನಮ್ಮ ಮಾತು ಕೇಳುವುದಾದರೆ, ಅರ್ಧ ಗೊತ್ತಿರಲಿ.

ಹಾಲಿನ ಪರೀಕ್ಷೆಯ ಭಾಗದಲ್ಲಿ ತಪ್ಪುಗಳಿವೆ. ಟೆಸ್ಟರ್ ಹುಡುಗ ಆಮ್ಲ ಹಾಕಿದ ಕೂಡಲೇ ಹಾಲು ನೀಲಿಯಾಯಿತು ಎಂದು ಬರೆದಿದ್ದೀರಿ. ಜಿಡ್ಡು ಅಳೆಯುವ ಹಳೆಯ ಗರ್ಬರ್ ಪದ್ಧತಿಯಲ್ಲಿ 10 ಮಿಲಿ ಸಲ್ಫ್ಯೂರಿಕ್ ಆಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್. ಅಲ್ಲಾಡಿಸಿದರೆ ಗಾಜಿನ ಕೊಳವೆ ಕೈ ಸುಡುವಷ್ಟು ಬಿಸಿಯಾಗಿ, ಒಳಗಿನದು ಕಡು ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಕಡೆ, ಒಬ್ಬ ರೈತ ಎಂಟು ಲೀಟರ್ ಹಾಲಿಗೆ ಎರಡು ಲೀಟರ್ ನೀರು ಬೆರೆಸಿ ಯಾರಿಗೂ ಸಿಗದೆ ಹೋಗುತ್ತಾನೆ. ಆಗದ ಮಾತು. ಶೇಕಡಾ 4.0 ಇದ್ದ ಜಿಡ್ಡು 3.2ಕ್ಕೆ, 8.5 ಇದ್ದ, ಜಿಡ್ಡು ಬಿಟ್ಟು ಉಳಿದ ಘನಾಂಶವಾದ ಎಸ್‌ಎನ್‌ಎಫ್ 6.8ಕ್ಕೆ ಇಳಿಯುತ್ತದೆ, 28 ತೋರಿಸಬೇಕಾದ, ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ 22ರ ಹತ್ತಿರ ನಿಲ್ಲುತ್ತದೆ. ಸಿಗದೇ ಹೋಗುವುದು ಅರ್ಧ ಲೋಟ ನೀರು ಮಾತ್ರ: ಬಿಂದಿಗೆ ತೊಳೆದು ಚೆಲ್ಲದೆ ಉಳಿಸಿಕೊಂಡ ನೀರು. ಅದನ್ನು ಬರೆಯಿರಿ. ಮೋಸ ಕೌಂಟರಿನ ಎರಡೂ ಕಡೆ ಇದೆ ಎಂದು ಒಂದೂ ಮಾತಾಡದೆ ಗೊತ್ತಾಗುತ್ತದೆ.

ಟೆಸ್ಟರ್ ಹುಡುಗನ ಅಪ್ರಾಮಾಣಿಕತೆ ಸೋಮಾರಿತನದ್ದಾಗಿರಲಿ. 120 ಸ್ಯಾಂಪಲ್ ನೋಡಲು ಹೊತ್ತಿಲ್ಲ, ನಿನ್ನೆಯ ರೀಡಿಂಗನ್ನೇ ಇವತ್ತೂ ಬರೆಯುತ್ತಾನೆ. ಇದನ್ನು ತೋರಿಸಲು ಒಂದು ಪಾಸ್‌ಬುಕ್ ಪುಟ ಸಾಕು. ನಿಜವಾದ ಹಸುವಿನ ಜಿಡ್ಡು ದಿನವೂ ಒಂದಿಷ್ಟು ಆಡುತ್ತದೆ, ಮತ್ತು ರಾತ್ರಿಯ ಅಂತರ ಉದ್ದವಾದ್ದರಿಂದ ಬೆಳಿಗ್ಗೆ ಹಾಲು ಹೆಚ್ಚು, ಜಿಡ್ಡು ಕಡಿಮೆ. ಸಂಜೆ ಹಾಲು ಕಡಿಮೆ, ಜಿಡ್ಡು ಜಾಸ್ತಿ. ಹದಿನೈದು ದಿನ, ಎರಡೂ ಹೊತ್ತು, 3.7, 3.7, 3.7 ಎಂದು ಒಂದೇ ಸಾಲಾಗಿ ಇಳಿದ ಪುಟ ಕಂಡರೆ ಅಲ್ಲಿ ಯಾರೂ ಹಾಲನ್ನು ಪರೀಕ್ಷಿಸಿಲ್ಲ ಎಂದೇ ಅರ್ಥ. ಬೇಕಾದವರಿಗೆ ಉಪಕಾರ ಮಾಡುವ ದಾರಿಯೂ ಸುಲಭ: ಕೆನೆ ಮೇಲೇಳುವುದರಿಂದ, ಕಲಕದೆ ಮೇಲಿಂದ ಸೌಟು ಹಾಕಿದರೆ ಜಿಡ್ಡು ಹೆಚ್ಚು ಬರುತ್ತದೆ. ಕೈಯ ಒಂದು ಚಲನೆ ಅಷ್ಟೆ, ಸಾಕ್ಷಿ ಉಳಿಯುವುದಿಲ್ಲ.

ಕಥೆ ಯಾವ ಕಾಲದ್ದು ಎಂಬುದು ಸ್ಪಷ್ಟವಿಲ್ಲ. ಒಂದು ಕಡೆ ಪೆನ್ನಿನಲ್ಲಿ ಬರೆಯುತ್ತಾರೆ, ಇನ್ನೊಂದು ಕಡೆ ಮಿಷಿನ್ ಚೀಟಿ ಕೊಡುತ್ತದೆ. ಎರಡರಲ್ಲಿ ಒಂದನ್ನು ಆರಿಸಿ. ಕಾಟಾ, ಟೆಸ್ಟಿಂಗ್ ಮಿಷಿನ್, ಪ್ರಿಂಟರ್ ಒಂದಕ್ಕೊಂದು ಜೋಡಿಸಿದ ಡೈರಿಯಾದರೆ 87 ಮಿಲಿ ಬಿಡುವುದು ಕೈಬರಹದ ತಪ್ಪಲ್ಲ, ಒಂದು ಸೆಟ್ಟಿಂಗ್. ಆಗ "ಮಿಷಿನ್ ಹಂಗೇ ತೋರ್ಸುತ್ತೆ, ನಾನೇನ್ ಮಾಡ್ಲಿ" ಎಂಬ ಮಾತು ಆತನಿಗೆ ಸಿಗುತ್ತದೆ, ಕಥೆಯ ಬಿಸಿಯೇ ಬದಲಾಗುತ್ತದೆ. ನಿಮ್ಮ ಎರಡನೇ ಪುಟದ ಸಾಲಿಗೆ ಪೆನ್ನೇ ಹೊಂದುತ್ತದೆ ಎಂದು ನಮ್ಮ ಅಭಿಪ್ರಾಯ.

ಊರಿನವರು ಗೊತ್ತಿದ್ದೂ ಸುಮ್ಮನಿರುವುದಕ್ಕೆ ಕಾರಣ ಕೊಟ್ಟಿಲ್ಲ. ಕೊಡಿ. ಸಂಜೆ ಆರೂವರೆಗೆ ಬಾಗಿಲು ಹಾಕಬೇಕಾದ ಡೈರಿಯನ್ನು ಆತ ದೂರದ ತೋಟದ ಮನೆಯಿಂದ ಬರುವ ಮುದುಕಿಗಾಗಿ ಹತ್ತು ನಿಮಿಷ ತೆರೆದಿಡುತ್ತಾನೆ. 50 ಕಿಲೋ ಫೀಡಿನ ಮೂಟೆಯನ್ನು ಸಾಲಕ್ಕೆ ಕೊಟ್ಟು ಮೂರು ಬಟವಾಡೆಯಲ್ಲಿ ಹಿಡಿದುಕೊಳ್ಳುತ್ತಾನೆ. ಹಸು ಮಲಗಿದರೆ ರಾತ್ರಿ ಡಾಕ್ಟರಿಗೆ ಫೋನ್ ಮಾಡುವವನೂ ಅವನೇ. ಇವೆಲ್ಲ ನಾಟಕವಲ್ಲ, ಆತ ನಿಜವಾಗಿಯೂ ಒಳ್ಳೆಯವನು. ಹಾಗಾಗಿಯೇ ಆ ಎಂಟು ಲೀಟರ್ ತನಗೆ ಸಲ್ಲಬೇಕಾದ್ದು ಎಂದು ಅವನಿಗೆ ಅನಿಸತೊಡಗುತ್ತದೆ. ಓದುಗನಿಗೆ ಕಷ್ಟವಾಗಬೇಕಾದ ಜಾಗ ಇದು. ದಯವಿಟ್ಟು ಅವನನ್ನು ಕುಡುಕನನ್ನಾಗಿ ಮಾಡಿದ ಆ ಎರಡು ಪ್ಯಾರಾ ತೆಗೆದುಹಾಕಿ.

ಪೊಲೀಸರ ಬದಲು ಬರುವವರು ಒಕ್ಕೂಟದ ವಿಸ್ತರಣಾಧಿಕಾರಿ. ಅವರು ಪುಸ್ತಕ, ಚೀಟಿ, ಕೂಲರ್ ತಾಳೆ ನೋಡುತ್ತಾರೆ. ಆಮೇಲೆ ಆಡಳಿತ ಮಂಡಳಿಯ ಸಭೆ, ಆಡಿಟ್‌ನಲ್ಲಿ ಆಕ್ಷೇಪಣೆ. ಮುಂದುವರಿದರೆ 1959ರ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಂ ಕೆಳಗೆ ವಿಚಾರಣೆ, 69ರ ಕೆಳಗೆ ನಷ್ಟ ವಸೂಲಿ. ಸೆಪ್ಟೆಂಬರ್ 25ರೊಳಗೆ ನಡೆಯಬೇಕಾದ ವಾರ್ಷಿಕ ಮಹಾಸಭೆ ನಿಮಗೆ ಸಿದ್ಧವಾಗಿಯೇ ಇರುವ ದೃಶ್ಯ: ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮೈಕಿನಲ್ಲಿ ಜಮಾ ಖರ್ಚು ಓದುತ್ತಿರುವುದು ಅವನೇ. "ಹೆಚ್ಚುವರಿ ಹಾಲು" ಎಂಬ ಬಾಬ್ತಿನ ಮುಂದೆ ಎಷ್ಟು ಓದುತ್ತಾನೆ ಎಂದು ಪಕ್ಕದ ಮನೆಯಾಕೆ ಕಿವಿಗೊಟ್ಟು ಕೂತಿದ್ದಾಳೆ.

ಹಾಸನಾಂಬೆಯ ದೃಶ್ಯ ಪೂರ್ತಿ ಬಿಡಿ. ದೇವಿಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ, ದೀಪಾವಳಿಯ ಹೊತ್ತಿಗೆ. ನಿಮ್ಮ ಕಥೆ ನಡೆಯುತ್ತಿರುವುದು ಏಪ್ರಿಲ್ ಬಿಸಿಲಿನಲ್ಲಿ. ಕಾಲ ಹೊಂದಿಸಿದರೂ ಆ ಅಳು ಬೇಡ. ಅತ್ತರೆ ಲೆಕ್ಕ ತೀರಿತು ಎಂದಾಗುತ್ತದೆ, 120 ಜನರ ಲೆಕ್ಕ ಹಾಗೇ ಇದೆ.

ನಿಮ್ಮ ವಿವರ ನೋಡಿದರೆ ನೀವೋ ನಿಮ್ಮ ಮನೆಯವರೋ ಒಂದು ಡೈರಿಯಲ್ಲಿ ಕೆಲಸ ಮಾಡಿರಬಹುದು ಅನಿಸುತ್ತದೆ. ಹಾಗಿದ್ದರೆ ಹಳ್ಳಿಯ ಹೆಸರು, ಸದಸ್ಯ ಸಂಖ್ಯೆ, ಕಾರ್ಯದರ್ಶಿಯ ಮನೆ ಗುರುತು ಎಲ್ಲ ಬದಲಿಸಿ. ಕಥೆ ಓದಿ ಊರಿನವರು ಒಬ್ಬ ಮನುಷ್ಯನ ಕಡೆ ಬೆರಳು ತೋರಿಸುವಂತಾದರೆ ನಾವು ಹಾಕುವುದಿಲ್ಲ.

ಈಗಿರುವುದರಲ್ಲಿ ಮೊದಲ ಎರಡು ಪುಟ, ಅತ್ತಿಗೆ, ಟೆಸ್ಟರ್ ಹುಡುಗ ಉಳಿಯಲಿ. 1,800 ಪದ ಮೀರದಂತೆ ಹೊಸದಾಗಿ ಬರೆಯಿರಿ, ಹಳೆಯದನ್ನು ತಿದ್ದಲು ಹೋಗಬೇಡಿ. ಬರೆಯುವ ಮೊದಲು ಪಕ್ಕದ ಡೈರಿಗೆ ಬೆಳಿಗ್ಗೆ ಆರು ಗಂಟೆಗೆ ಹೋಗಿ ಒಂದು ವಾರ ಸುಮ್ಮನೆ ನಿಲ್ಲಿ, ಕಾಟಾ ತೋರಿಸುವ ಅಂಕಿಯನ್ನೂ ಪುಸ್ತಕದ ಅಂಕಿಯನ್ನೂ ನೋಡುತ್ತಾ. ತಿದ್ದಿದ ಪ್ರತಿಯನ್ನು ದೀಪಾವಳಿಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಮೊದಲು ಓದುವುದು ಅದನ್ನೇ.

ಸಂಪಾದಕರು